ಒಂದೇ ಡೋಲು, ಮೂರು ನ್ಯಾಯ: ಕಾಸರಗೋಡಿನಲ್ಲಿ ಜಾನಪದ ಮತ್ತು ಮಾನವ ಹಕ್ಕು ಎದುರಾಗುವ ಜಾಗ

ಕರಾವಳಿಯ ಬುಡಕಟ್ಟು ಜನರಾದ ಕೊರಗರ ಡೋಲು ಸರ್ಕಾರಿ ಉತ್ಸವದ ಮೆರವಣಿಗೆಯಲ್ಲಿ ಮೊಳಗಿದರೆ ಅದು ಜಾನಪದ ಕಲೆ. ಬಡಿದವರಿಗೆ ಶಾಲು, ಪ್ರಮಾಣಪತ್ರ. ಅದೇ ಡೋಲನ್ನು ಕೂಲಿ ಕೊಡದೆ, ‘ನಿಮ್ಮ ಅಜ್ಜನ ಕಾಲದಿಂದ ಬಂದದ್ದು’ ಎಂದು ಬಡಿಸಿದರೆ ಕರ್ನಾಟಕದಲ್ಲಿ ಜೈಲಾಗಬಹುದಾದ ಅಪರಾಧ. ಇನ್ನು ಕೊರಗನಲ್ಲದವನು ಮುಖಕ್ಕೆ ಮಸಿ ಬಳಿದು, ಅಡಕೆ ಹಾಳೆಯ ಮುಟ್ಟಾಳೆ (ಟೊಪ್ಪಿ) ಇಟ್ಟು ಕೊರಗಜ್ಜ ದೈವದಂತೆ ಕುಣಿದರೆ ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ದೂರು. 2022ರ ಜನವರಿಯಲ್ಲಿ ಉಪ್ಪಳದ ಕಡೆಯ ದಿಬ್ಬಣವೊಂದು ವಿಟ್ಲ ಸಮೀಪದ ಸಾಲೆತ್ತೂರಿಗೆ ಹೋದಾಗ ಇಂಥದೇ ವೇಷದಿಂದ ಗಡಿಯ ಎರಡೂ ಕಡೆ ಬಿಸಿಯೇರಿತ್ತು. 2025ರ ನವೆಂಬರಿನಲ್ಲಿ ಗೋವಾದ ಚಿತ್ರೋತ್ಸವದ ವೇದಿಕೆಯಲ್ಲಿ ನಟರೊಬ್ಬರು ದೈವದ ಆವೇಶವನ್ನು ಅಣಕಿಸಿದಂತೆ ತೋರಿ, ಕೊನೆಗೆ ಕ್ಷಮೆ ಕೇಳಬೇಕಾಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ: ಯಾವುದು ಕಲೆ, ಯಾವುದು ಅವಮಾನ, ಯಾವುದು ಭಕ್ತಿ? ಜಾನಪದ ಸಂಗ್ರಾಹಕರು ಒಂದು ಉತ್ತರ ಹೇಳುತ್ತಾರೆ, ಹಕ್ಕಿನ ಹೋರಾಟಗಾರರು ಇನ್ನೊಂದು. ಕಾಸರಗೋಡಿನಂಥ ಜಿಲ್ಲೆಯಲ್ಲಿ ಈ ಎರಡೂ ಕೆಲಸವನ್ನು ಒಬ್ಬರೇ ಮಾಡಬೇಕಾಗಿ ಬರುತ್ತದೆ. ಅದು ಯಾಕೆ ಅಷ್ಟು ಕಷ್ಟ, ಮಾಡಿದರೆ ಏನು ಸಾಧ್ಯ ಎಂಬುದನ್ನು ಇಲ್ಲಿ ನೋಡೋಣ.

ಅಜಲು: ಒಂದೇ ಶಬ್ದ, ಎರಡು ಬದುಕು

ಗೊಂದಲದ ಬೇರು ‘ಅಜಲು’ ಎಂಬ ತುಳು ಶಬ್ದದಲ್ಲೇ ಇದೆ. ದೈವದ ವೇಷ ಕಟ್ಟಿ ಕುಣಿಯುವ ನಲಿಕೆ, ಪಂಬದ, ಪರವ ಕುಟುಂಬಗಳಿಗೆ ಅಜಲು ಎಂದರೆ ವಂಶಪಾರಂಪರ್ಯವಾಗಿ ಬಂದ ಸೇವೆಯ ವ್ಯಾಪ್ತಿ. ಇಷ್ಟು ಗ್ರಾಮ, ಇಷ್ಟು ಗುತ್ತು (ಊರ ಯಜಮಾನರ ಮನೆ), ಇಷ್ಟು ದೈವಸ್ಥಾನ ನಮ್ಮದು, ಅಲ್ಲಿ ಬೇರೆಯವರು ಕೋಲ ಕಟ್ಟುವಂತಿಲ್ಲ. ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ತೆಯ್ಯಂ (ಅಲ್ಲಿನ ದೈವದ ಕುಣಿತ) ಕಟ್ಟುವ ವಣ್ಣಾನ್, ಮಲಯನ್ ಸಮುದಾಯಗಳಲ್ಲಿ ಇದೇ ವ್ಯವಸ್ಥೆಗೆ ‘ಚೆರುಜನ್ಮಂ’ ಎಂಬ ಹೆಸರಿದೆ. ಹೆಸರೇ ಹೇಳುವಂತೆ ಅದೊಂದು ಸಣ್ಣ ಹಕ್ಕು.

ಕೊರಗರ ಪಾಲಿಗೆ ಅದೇ ಶಬ್ದ ಬೇರೆಯೇ ಅರ್ಥ ಹೊತ್ತಿತು. ಕರ್ನಾಟಕದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ 2000ರಲ್ಲಿ ಬಂತು. ಸೇವೆಗೆ ಕೂಲಿ ಕೊಡದಿರುವುದು ಅಥವಾ ಕಡಿಮೆ ಕೊಡುವುದು, ಉಳಿದವರಿಗಿಂತ ಕೀಳಾಗಿ ನಡೆಸಿಕೊಳ್ಳುವುದು, ಕೂದಲು ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು, ಇವೆಲ್ಲ ಅಜಲು ಎಂದು ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಅನ್ನಕ್ಕೆ ಉಗುರು ಬೆರೆಸುವುದರ ಹಿಂದಿನ ನಂಬಿಕೆ ಸರಳ ಮತ್ತು ಕ್ರೂರ: ಮನೆಯವರ ರೋಗ, ಗ್ರಹಚಾರ ತಿಂದವನಿಗೆ ದಾಟಲಿ. ಕಂಬಳದ ಹಿಂದಿನ ರಾತ್ರಿ ಗದ್ದೆ ಬದಿಯಲ್ಲಿ ಮಂಜಿಗೆ ಮೈಯೊಡ್ಡಿ ಡೋಲು ಬಡಿಯುತ್ತ ಕೂರುವ ‘ಪನಿ ಕುಲ್ಲುನು’ ಕೂಡ ಇದೇ ಸಾಲಿನದು.

ಅಂದರೆ ಒಬ್ಬನ ಅಜಲು ಅವನ ಸೊತ್ತು, ಇನ್ನೊಬ್ಬನ ಅಜಲು ಅವನ ಕೊರಳ ಹಗ್ಗ. ಎರಡನ್ನೂ ಬೇರ್ಪಡಿಸುವ ಪ್ರಶ್ನೆ ಒಂದೇ: ‘ಬರುವುದಿಲ್ಲ’ ಎಂದರೆ ಏನಾಗುತ್ತದೆ? ನಲಿಕೆಯವನು ಬಾರದಿದ್ದರೆ ಕೋಲ ನಿಲ್ಲುತ್ತದೆ, ಗುತ್ತಿನ ಯಜಮಾನ ಮನೆಗೆ ಬಂದು ಮಾತಾಡಿಸುತ್ತಾನೆ. ಕೊರಗ ಬಾರದಿದ್ದರೆ ನಿಲ್ಲುತ್ತಿದ್ದದ್ದು ಅವನ ಮನೆಯ ಗಂಜಿ. ನಲಿಕೆ, ಪಂಬದರ ಬದುಕು ಹೂವಿನ ಹಾಸಿಗೆಯೇನಲ್ಲ. ರಾತ್ರಿ ದೈವವಾಗಿ ಅಭಯ ಕೊಟ್ಟವನು ಬೆಳಿಗ್ಗೆ ಅಂಗಳದಲ್ಲೇ ಊಟಕ್ಕೆ ಕೂರುವುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಆದರೂ ಚೌಕಾಸಿ ಮಾಡುವಷ್ಟು ಬಲ ಅವರ ಕೈಯಲ್ಲಿತ್ತು, ಕೊರಗರ ಕೈಯಲ್ಲಿ ಇರಲಿಲ್ಲ.

ಗಡಿಯ ತಲಪಾಡಿಯಿಂದ ಈಚೆಗೆ ಯಾವ ಕಾನೂನು?

ಕೊರಗರು 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 14,794, ಕೇರಳದಲ್ಲಿ 1,582. ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಅವರೂ ಒಬ್ಬರು, ಮತ್ತು ಅವರ ನೆಲೆ ಹೆಚ್ಚುಕಡಿಮೆ ಮಂಜೇಶ್ವರ, ಕಾಸರಗೋಡು ತಾಲೂಕುಗಳಿಗೇ ಸೀಮಿತ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಎಳೆದಾಗ ನೆಂಟರ ಮನೆ ಒಂದು ಕಡೆ, ತಮ್ಮ ಮನೆ ಒಂದು ಕಡೆ ಆಯಿತು. ಕರ್ನಾಟಕದ 2000ರ ಕಾಯ್ದೆ ಈ ಗೆರೆ ದಾಟಿ ಬರುವುದಿಲ್ಲ. ಹಾಗಾಗಿ ‘ಕೇರಳದಲ್ಲಿ ಅಜಲು ನಿಷೇಧವಿಲ್ಲ’ ಎಂದು ಹೇಳುವವರಿದ್ದಾರೆ. ಅದು ತಪ್ಪು.

ದೇಶಕ್ಕೆಲ್ಲ ಸಲ್ಲುವ ಮೂರು ಕಾನೂನುಗಳು ಇಲ್ಲಿಗೂ ಅನ್ವಯ. ಮೊದಲನೆಯದು, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಜೀತ ಎಂದರೆ ಸಾಲಕ್ಕೆ ದುಡಿಯುವುದು ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ರೂಢಿಯ ಕಟ್ಟುಪಾಡಿನಿಂದ ದುಡಿಸುವುದು, ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕಾಗಿ ದುಡಿಸುವುದು ಕೂಡ ಜೀತವೇ ಎಂದು ಆ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಎರಡನೆಯದು, 1989ರ ಪರಿಶಿಷ್ಟ ಜಾತಿ–ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ. ತಿನ್ನಬಾರದ್ದನ್ನು ತಿನ್ನಿಸುವುದು, ಬಿಟ್ಟಿ ಚಾಕರಿ ಮಾಡಿಸುವುದು, ಬಲವಂತದಿಂದ ಮುಖಕ್ಕೆ ಮೈಗೆ ಬಣ್ಣ ಬಳಿಯುವುದು ಅದರ 3(1)ನೇ ಕಲಮಿನಲ್ಲಿ ಬೇರೆ ಬೇರೆ ಅಪರಾಧಗಳು; ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಮೂರನೆಯದು, ಸಂವಿಧಾನದ 23ನೇ ವಿಧಿ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೂ ಅದು ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ ಹೇಳಿತು.

ಹಾಗಾದರೆ ವೇಷದ ಪ್ರಕರಣಗಳು ಮಾತ್ರ ಯಾಕೆ ಸದ್ದು ಮಾಡುತ್ತವೆ? ವೇಷದಲ್ಲಿ ಕೊರಗಜ್ಜ ಎಂಬ ದೈವ ಕಾಣುತ್ತದೆ. ದೈವಕ್ಕೆ ಎಲ್ಲ ಜಾತಿಯ ಭಕ್ತರಿದ್ದಾರೆ, ದೂರು ಕೊಡುವವರು ತಟ್ಟನೆ ಸಿಗುತ್ತಾರೆ. ಅನ್ನಕ್ಕೆ ಉಗುರು ಬೆರೆಸಿದ್ದಕ್ಕೆ ದೂರು ಕೊಡಬೇಕಾದವನು ಅದೇ ಊರಿನ ಅದೇ ಮನೆಯ ತೋಟಕ್ಕೆ ಮರುದಿನ ಕೆಲಸಕ್ಕೆ ಹೋಗಬೇಕು. ಅಜ್ಜನಿಗೆ ಚಕ್ಕುಲಿ, ಬೀಡ, ಶೇಂದಿ ಇಟ್ಟು ಕೈಮುಗಿಯುವ ಊರು ಅಜ್ಜನ ಮೊಮ್ಮಕ್ಕಳ ಪಡಿತರ ಚೀಟಿಯ ವಿಚಾರಕ್ಕೆ ಅಷ್ಟು ಸಂಖ್ಯೆಯಲ್ಲಿ ಸೇರುವುದಿಲ್ಲ.

ಪಾಡ್ದನವೇ ಒಂದು ದೂರು

ಕೊರಗಜ್ಜನೆಂದೇ ಪೂಜೆಗೊಳ್ಳುವ ಕೊರಗತನಿಯನ ಪಾಡ್ದನವನ್ನು, ಅಂದರೆ ತುಳುವಿನ ಕಥನಗೀತೆಯನ್ನು, ಪವಾಡದ ಕತೆಯಾಗಿ ಓದುವುದೇ ರೂಢಿ. ಹಾಡುವವರಿಂದ ಹಾಡುವವರಿಗೆ ಪಾಠ ಬದಲಾದರೂ ನಡುಗಂಬ ಒಂದೇ. ತಬ್ಬಲಿ ಹುಡುಗ ತನಿಯನನ್ನು ಶೇಂದಿ ಮಾರುವ ಬೈದೆದಿ (ಬಿಲ್ಲವ ಹೆಂಗಸು) ಸಾಕುತ್ತಾಳೆ. ದೇವಸ್ಥಾನಕ್ಕೆ ಕಳಿಸಬೇಕಾದ, ಏಳು ಜನ ಹೊರಬೇಕಾದ ಹೊರೆಯನ್ನು ಅವನೊಬ್ಬನೇ ಹೊತ್ತು ತರುತ್ತಾನೆ. ಹೊರೆ ಒಳಗೆ ಹೋಗುತ್ತದೆ, ಹೊತ್ತವನು ಹೊರಗೇ ನಿಲ್ಲಬೇಕು. ನಾನು ಹೊತ್ತು ತಂದದ್ದು ಬೇಕು, ನಾನು ಬೇಡವೇ ಎಂದು ಅವನು ಕೇಳುತ್ತಾನೆ. ಬಳಿಕ ಮಾಪಳದ ಕಾಯಿ ಕೊಯ್ಯಲು ಹತ್ತಿದವನು ಮಾಯವಾಗಿ ದೈವವಾಗುತ್ತಾನೆ.

ಇದನ್ನು ಸಂಗ್ರಹಿಸುವವನು ಮಾಯವಾದ ಸಾಲಿಗೆ ಅಡಿಗೆರೆ ಎಳೆದರೆ ಅದು ಭಕ್ತಿಸಾಹಿತ್ಯ, ಹೊರಗೆ ನಿಂತ ಸಾಲಿಗೆ ಎಳೆದರೆ ಅಹವಾಲು. ಹಾಡಿದವರ ಮಟ್ಟಿಗೆ ಎರಡೂ ಒಂದೇ ಉಸಿರಿನದು. ಸಂಗ್ರಾಹಕ ಮತ್ತು ಹೋರಾಟಗಾರ ಒಬ್ಬನೇ ಆಗಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ಮೂರು ಪಕ್ಷ

ಸಂಪ್ರದಾಯದ ಕಡೆಯವರ ವಾದ: ಕೊರಗರ ಡೋಲಿಲ್ಲದೆ ಕಾರ್ಯವೇ ಆರಂಭವಾಗುತ್ತಿರಲಿಲ್ಲ, ಅದು ಗೌರವದ ಸ್ಥಾನ. ನಿಷೇಧದಿಂದ ಅವರಿಗಿದ್ದ ಜಾಗವನ್ನೇ ಕಿತ್ತುಕೊಂಡಂತಾಯಿತು. ಹಕ್ಕಿನ ಕಡೆಯವರು ಹೇಳುವುದು: ಹೊರಗೆ ನಿಲ್ಲಿಸಿ ಕೊಡುವ ಗೌರವಕ್ಕೆ ಗೌರವ ಎನ್ನುವುದಿಲ್ಲ, ಡೋಲಿನ ಜೊತೆ ಬರುವ ಎಲ್ಲವೂ ನಿಲ್ಲಲಿ. ಎರಡೂ ವಾದದಲ್ಲಿ ಡೋಲು ಯಾರದ್ದೋ ಅವರ ಮಾತಿಲ್ಲ.

ಮೂರನೆಯ ಪಕ್ಷ ಅವರದ್ದೇ. 1993ರ ಆಗಸ್ಟ್ 18ರಂದು ಭೂಮಿಗಾಗಿ ಮಂಗಳೂರಿನಲ್ಲಿ ನಡೆದ ಮೆರವಣಿಗೆಯ ನೆನಪಿಗೆ ಕೊರಗ ಸಂಘಟನೆಗಳು ಪ್ರತಿವರ್ಷ ಭೂಮಿ ಹಬ್ಬ ಮಾಡುತ್ತವೆ. ಅಲ್ಲಿ ಡೋಲು ಮೊಳಗುತ್ತದೆ. ಯಾರೂ ಕರೆಸಿದ್ದಲ್ಲ, ಯಾರ ಗ್ರಹಚಾರ ಕಳೆಯಲೂ ಅಲ್ಲ. ಡೋಲು ಬೇಡ ಎನ್ನುವ ಓದಿದ ಹುಡುಗರೂ ಇದ್ದಾರೆ, ಸಂಭಾವನೆ ಗೊತ್ತುಮಾಡಿ ವೇದಿಕೆಗೆ ಬರುವ ತಂಡಗಳೂ ಇವೆ. ನನ್ನ ಪ್ರಕಾರ ಈ ಒಳಜಗಳ ಒಳ್ಳೆಯ ಲಕ್ಷಣ. ಬೇಡ ಎನ್ನಲು ಸಾಧ್ಯವಾದ ಮೇಲಷ್ಟೇ ಬೇಕು ಎಂಬ ಮಾತಿಗೆ ಬೆಲೆ.

ಸಂಗ್ರಾಹಕನ ಪುಸ್ತಕದ ಖಾಲಿ ಅಂಕಣ

ಕರಾವಳಿಯ ಜಾನಪದ ಸಂಗ್ರಹದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಹಾಡು, ಊರು, ದಿನಾಂಕ, ಸಂಗ್ರಾಹಕನ ಹೆಸರು. ಹಾಡಿದವಳು ಎಷ್ಟೋ ಕಡೆ ‘ಒಬ್ಬ ಮುದುಕಿ’. ಇದಕ್ಕೆ ಎದುರಾಗಿ ನಿಲ್ಲುವ ಮಾದರಿಯೂ ನಮ್ಮಲ್ಲೇ ಇದೆ. ಫಿನ್ಲೆಂಡಿನ ಲೌರಿ ಹೋಂಕೊ ಅವರು ತುಳು ವಿದ್ವಾಂಸರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ದಾಖಲಿಸಿದ 15,683 ಸಾಲುಗಳ ಸಿರಿ ಎಂಬ ತುಳು ಮೌಖಿಕ ಕಾವ್ಯ 1998ರಲ್ಲಿ ಅಚ್ಚಾದಾಗ, ಹಾಡಿದ ಗೋಪಾಲ ನಾಯ್ಕರ ಹೆಸರು ಶೀರ್ಷಿಕೆಯಲ್ಲೇ ಇತ್ತು.

ಹೆಸರು ಅಚ್ಚಾದರೆ ಮುಗಿಯಲಿಲ್ಲ. ದಾಖಲೆ ಮುಂದೆ ಹಕ್ಕಿನ ಕೆಲಸಕ್ಕೂ ಒದಗಬೇಕಾದರೆ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಬೇಕು: ಯಾರು ಕರೆಸಿದರು, ಏನು ಕೊಟ್ಟರು, ಎಲ್ಲಿ ಕೂರಿಸಿದರು, ಬಾರದಿದ್ದರೆ ಏನಾಗುತ್ತಿತ್ತು. ‘ಏನು ಕೊಟ್ಟರು’ ಎಂಬುದಕ್ಕೆ ಸಂಭಾವನೆ ಎಂಬ ಒಂದು ಪದ ಸಾಲದು. ಎಷ್ಟು ಸೇರು ಅಕ್ಕಿ, ಎಷ್ಟು ತೆಂಗಿನಕಾಯಿ, ಎಷ್ಟು ರೂಪಾಯಿ, ಕೈಗೆ ಕೊಟ್ಟರೋ ನೆಲದ ಮೇಲೆ ಇಟ್ಟರೋ. ಈ ಕೊನೆಯ ವಿವರ ಹಾಡಿನ ಅರ್ಥಕ್ಕೆ ಬೇಡ, ನ್ಯಾಯಾಲಯಕ್ಕೆ ಬೇಕು.

ಇಲ್ಲಿ ಒಂದು ತೊಡಕಿದೆ, ಅನುಭವಿಗಳೂ ಇದರಲ್ಲಿ ಎಡವುತ್ತಾರೆ. ಹಾಡಿಗೆ ಹಾಡಿದವರ ಹೆಸರು ಹಾಕಲೇಬೇಕು. ದೌರ್ಜನ್ಯದ ಹೇಳಿಕೆಗೆ ಹೇಳಿದವರ ಹೆಸರು ಹೊರಬರಬಾರದು. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮು ಸಂತ್ರಸ್ತರ, ಸಾಕ್ಷಿಗಳ ರಕ್ಷಣೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. ಆದರೆ ಒಂದೇ ಸಂಜೆಯ ಒಂದೇ ಧ್ವನಿಮುದ್ರಣದಲ್ಲಿ ಎರಡೂ ಇರುತ್ತವೆ. ಅಜ್ಜಿ ಪಾಡ್ದನದ ನಡುವೆ ನಿಲ್ಲಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ‘ಆ ಮನೆಯವರು ನಮಗೆ ಹೀಗೆ ಮಾಡಿದ್ದರು’ ಎಂದು ಶುರುಮಾಡುತ್ತಾಳೆ. ಆ ಕಡತ ಹಾಗೇ ಅಂತರ್ಜಾಲಕ್ಕೆ ಏರಿದರೆ ಮರುವಾರ ಅಜ್ಜಿಯ ಮಗನಿಗೆ ಕೆಲಸವಿಲ್ಲ. ಆದ್ದರಿಂದ ಮುದ್ರಣ ಮುಗಿದ ದಿನವೇ ಮೂಲಪ್ರತಿಯನ್ನು ಮುಟ್ಟದೆ ಎತ್ತಿಟ್ಟು, ನಕಲಿನಿಂದ ಎರಡು ಕಡತ ಮಾಡಬೇಕು: ಹಾಡಿನದು ಹೆಸರಿನೊಂದಿಗೆ, ಹೇಳಿಕೆಯದು ಗುರುತುಸಂಖ್ಯೆಯೊಂದಿಗೆ. ಸಂಖ್ಯೆ ಯಾರದ್ದು ಎಂಬ ಪಟ್ಟಿ ಮೂರನೆಯ ಕಡೆ ಇರಲಿ. ಧ್ವನಿಯಿಂದಲೇ ಗುರುತು ಸಿಗುವ ಸಣ್ಣ ಊರುಗಳಲ್ಲಿ ಹೇಳಿಕೆಯ ಧ್ವನಿಯನ್ನು ಹೊರಗೆ ಕೊಡಲೇಬಾರದು, ಬರಹ ಸಾಕು.

ಒಪ್ಪಿಗೆಯೂ ಒಂದೇ ಸಲ ಕೇಳಿ ಮುಗಿಸುವ ಸಂಗತಿಯಲ್ಲ. ಮುದ್ರಿಸಲು, ಕಾಪಿಡಲು, ಅಚ್ಚುಮಾಡಲು, ಸಿನಿಮಾಕ್ಕೆ ಕೊಡಲು ಬೇರೆ ಬೇರೆ ಕೇಳಬೇಕು. ನೇಜಿ ನೆಡುವಾಗ ಹಾಡಿದ್ದನ್ನು ಕೊಡಲು ಒಪ್ಪುವವರು ಕೋಲದ ಹೊತ್ತಿನ ಭಾಗವನ್ನು ಕೊಡಲಿಕ್ಕಿಲ್ಲ. ಕಾನೂನು ಇಲ್ಲಿ ಅರ್ಧ ದಾರಿಯಷ್ಟೇ ಜೊತೆಗೆ ಬರುತ್ತದೆ. ಪಾಡ್ದನಕ್ಕೆ ಕರ್ತೃ ಇಲ್ಲದ ಕಾರಣ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿಗೆ ರಕ್ಷಣೆಯಿಲ್ಲ. ಆದರೆ ಆ ದಿನ ಆ ಅಜ್ಜಿ ಹಾಡಿದ ಹಾಡುಗಾರಿಕೆಗೆ 38ನೇ ಕಲಮಿನ ಪ್ರದರ್ಶಕರ ಹಕ್ಕು ಇದೆ, ಅವಧಿ 50 ವರ್ಷ. ಧ್ವನಿಮುದ್ರಣವನ್ನು ಅವಳನ್ನು ಕೇಳದೆ ಚಿತ್ರದಲ್ಲಿ ಬಳಸಿದರೆ ಪ್ರಶ್ನಿಸಬಹುದು, ಹಾಡು ಕಲಿತು ಬೇರೆಯವರಿಂದ ಹಾಡಿಸಿದರೆ ಪ್ರಶ್ನಿಸಲಾಗದು. ದೈವದ ಕತೆಗಳಿಗೆ ಸಿನಿಮಾದ ಮಾರುಕಟ್ಟೆ ಕುದುರಿರುವ ಈ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ.

ಹಾಡು ದಾಖಲೆಯಾಗುವ ಎರಡು ಬಗೆ

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದು ಯಾವುದನ್ನು ಸಾಕ್ಷ್ಯವಾಗಿ ಕೊಡಬಹುದು ಎಂದು ಹೇಳುತ್ತದೆ. ಪಡಿತರ ಚೀಟಿ, ನಕ್ಷೆ, ಗೆಜೆಟಿಯರುಗಳ ಜೊತೆಗೆ ಅಲ್ಲಿ ಹೆಸರಾಂತ ಸಂಸ್ಥೆಗಳು ಮಾಡಿದ ಆಚಾರ–ಸಂಪ್ರದಾಯಗಳ ದಾಖಲೆ, ಹಳೆಯ ಬಾವಿ, ಸ್ಮಶಾನ, ಪೂಜಾಸ್ಥಳ, ವಂಶಾವಳಿ, ಹಿರಿಯರ ಹೇಳಿಕೆ ಇವೂ ಇವೆ. ಸಮುದಾಯದ ಹಕ್ಕಿಗೆ ಬನಗಳು, ಪವಿತ್ರ ಮರಗಳು, ಗೆಡ್ಡೆ–ಕಾಯಿ ಸಂಗ್ರಹಿಸುವ ಜಾಗಗಳೂ ಲೆಕ್ಕಕ್ಕೆ ಬರುತ್ತವೆ. ಬುಟ್ಟಿ, ತಡ್ಪೆ (ಮೊರ), ಕುಡುಪು ಹೆಣೆಯಲು ಬೂರು (ಕಾಡುಬಳ್ಳಿ) ತರುವ ಗುಡ್ಡ ಯಾವುದು ಎಂಬುದು ಕೊರಗರಿಗೆ ನೆನಪಿನ ಮಾತಲ್ಲ, ಹಕ್ಕಿನ ಮಾತು.

ಅರ್ಜಿಗಳು ಬೀಳುವುದು ಎಲ್ಲಿ? ಒಂದು, ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರಾಗಿರಬಾರದು. ಎಷ್ಟೋ ಕಡೆ ಅರ್ಜಿ ಹಾಕಿದ ಅಜ್ಜನದೇ ಹೇಳಿಕೆ ಇರುತ್ತದೆ. ಇನ್ನೊಂದು, ಹೇಳಿಕೆ ಬರಹದಲ್ಲಿರಬೇಕು. ಮೊಬೈಲಿನ ಧ್ವನಿ ಮಾತ್ರ ಕೊಟ್ಟರೆ ಆಗದು. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು, ಹಾಗಾಗಿ ಪಾಡ್ದನದಲ್ಲಿ ಬರುವ ಬಾವಿಯ ಹೆಸರನ್ನು ನೆಲದ ಮೇಲಿನ ಬಾವಿಗೆ ಜೋಡಿಸಿ ಫೋಟೊ ಲಗತ್ತಿಸಬೇಕು. ತಿರಸ್ಕಾರವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಹೋಗಬೇಕು. ದಿನ ಎಣಿಸುವವರಿಲ್ಲದೆ ಹೋದ ಅರ್ಜಿಗಳೇ ಹೆಚ್ಚು ನೋವಿನವು. ಕಾಸರಗೋಡಿನಲ್ಲಿ ಇನ್ನೊಂದು ಮಿತಿಯಿದೆ. ಕೊರಗರ ಅನೇಕ ಮನೆಗಳು ಅರಣ್ಯದಲ್ಲಲ್ಲ, ಕಂದಾಯ ಭೂಮಿಯಲ್ಲಿವೆ. ಅಲ್ಲಿ ಈ ಕಾಯ್ದೆ ಮನೆಯಡಿಗೆ ಒದಗುವುದಿಲ್ಲ, ಬೂರು ತರುವ ಕಾಡಿಗೆ ಮಾತ್ರ ಒದಗೀತು.

ಎರಡನೆಯ ಬಗೆ ಹೆಚ್ಚು ಅಪಾಯದ್ದು, ಜಾತಿ ಪ್ರಮಾಣಪತ್ರ. ಈ ಜಿಲ್ಲೆಯಲ್ಲಿರುವ ಮಾವಿಲ ಸಮುದಾಯದವರು ಕೇರಳದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ. ಅದೇ ತಿದ್ದುಪಡಿ ಮರಾಟಿ ಎಂಬ ಇನ್ನೊಂದು ಸಮುದಾಯದವರನ್ನು ಪಟ್ಟಿಯಿಂದ ಹೊರಹಾಕಿತು, ಹೊಸದುರ್ಗ ಮತ್ತು ಕಾಸರಗೋಡು ತಾಲೂಕಿನ ಮರಾಟಿಗರು ಮರಳಿ ಬಂದದ್ದು 2013ರಲ್ಲಿ. ನಡುವಿನ ಹತ್ತು ವರ್ಷದಲ್ಲಿ ಕಾಲೇಜು, ಕೆಲಸ ಎಂದು ಅಲೆದವರ ಪಾಡನ್ನು ಊಹಿಸಬಹುದು. ಪ್ರಮಾಣಪತ್ರದ ಮೇಲೆ ಸಂಶಯ ಬಂದರೆ ಕೋಯಿಕ್ಕೋಡಿನ ಕಿರ್ತಾಡ್ಸ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ತನಿಖೆ ಮಾಡುತ್ತದೆ. ಜಾತಿ ಪ್ರಮಾಣಪತ್ರದ ಪರಿಶೀಲನೆ ಕುರಿತ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1994ರ ತೀರ್ಪಿನ ನಂತರ ಇಂಥ ತನಿಖೆಗಳಲ್ಲಿ ದೇವರು, ಮದುವೆ, ಸಾವಿನ ಕ್ರಮಗಳ ಪ್ರಶ್ನೆಗಳು ಬಂದವು. ಪೇಟೆಯಲ್ಲಿ ಬೆಳೆದ ಹುಡುಗಿಗೆ ಅಜ್ಜಿಯ ಹಾಡು ಬಾರದಿದ್ದರೆ ಅವಳು ಆ ಬುಡಕಟ್ಟಿನವಳಲ್ಲ ಎಂದಾಗುತ್ತದೆಯೆ? ಇಂಥ ಪರೀಕ್ಷೆಯೊಂದೇ ಒರೆಗಲ್ಲು ಅಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಸ್ಪಷ್ಟಪಡಿಸಿತು. ಸಂಗ್ರಾಹಕರು ಇದನ್ನು ನೆನಪಿಟ್ಟುಕೊಳ್ಳಬೇಕು. ‘ಇಂಥ ಸಮುದಾಯದವರು ಇಂಥದ್ದೇ ಮಾಡುತ್ತಾರೆ’ ಎಂದು ಒಂದು ಪುಟದಲ್ಲಿ ಖಡಾಖಂಡಿತವಾಗಿ ಬರೆದ ವಾಕ್ಯ, ಹಾಗೆ ಮಾಡದ ಕುಟುಂಬದ ವಿರುದ್ಧ ಮುಂದೊಂದು ದಿನ ಎದ್ದು ನಿಲ್ಲಬಹುದು. ‘ಈ ಊರಿನ ಈ ಮನೆಗಳಲ್ಲಿ, ಈ ವರ್ಷ’ ಎಂದು ಬರೆದರೆ ಆ ಅಪಾಯ ಕಡಿಮೆ.

ಯಾವ ಭಾಷೆಯ ಕಾಗದ?

2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆ ಅಂಗೀಕರಿಸಿದ ಮೇಲೆ ಕಾಸರಗೋಡಿನ ಚರ್ಚೆಯೆಲ್ಲ ಕನ್ನಡ ಶಾಲೆಗಳ ಸುತ್ತ ತಿರುಗಿತು. ಕರ್ನಾಟಕ ಆಕ್ಷೇಪಿಸಿತು, ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆಯಿಲ್ಲ ಎಂದು ಕೇರಳ ಹೇಳಿತು. ಶಾಲೆಯ ಪ್ರಶ್ನೆ ಮುಖ್ಯವೇ. ಆದರೆ ಹೇಳಿಕೆ, ಅರ್ಜಿ, ತನಿಖೆಯ ಭಾಷೆ ಅದಕ್ಕಿಂತ ಸದ್ದಿಲ್ಲದ ಪ್ರಶ್ನೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ ಕನ್ನಡಿಗರು ಕನ್ನಡದಲ್ಲೇ ಪತ್ರ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ತುಳುವಿಗೆ, ಕೊರಗ ಭಾಷೆಗೆ ಆ ಸೌಲಭ್ಯವಿಲ್ಲ. ಕೊರಗ ಭಾಷೆ ತುಳುವಿನ ಒಡನಾಡಿಯಾದರೂ ಬೇರೆಯೇ ಭಾಷೆ, ಡಿ. ಎನ್. ಶಂಕರ ಭಟ್ಟರು 1971ರಷ್ಟು ಹಿಂದೆಯೇ ಅದರ ವ್ಯಾಕರಣ ಪ್ರಕಟಿಸಿದ್ದರು.

ಹಾಗಾಗಿ ಅಜ್ಜಿ ತುಳುವಿನಲ್ಲಿ ಹೇಳಿದ್ದು ಕನ್ನಡ ಲಿಪಿಯಲ್ಲಿ ಇಳಿದು, ಮಲಯಾಳಕ್ಕೆ ಅನುವಾದವಾಗಿ ಮೇಜಿಗೆ ಬರುತ್ತದೆ. ಈ ದಾರಿಯಲ್ಲಿ ಊರಿನ ಹೆಸರೇ ಬದಲಾಗುತ್ತದೆ. ಬೇಡಡ್ಕ ಬೇಡಕಂ ಆಗುತ್ತದೆ, ಹೊಸದುರ್ಗ ಕಾಞಂಗಾಡಿನೊಳಗೆ ಕರಗುತ್ತದೆ. ಪಾಡ್ದನದ ಗುಡ್ಡದ ಹೆಸರು ಸರ್ವೆ ನಕ್ಷೆಯಲ್ಲಿ ಸಿಗದಿದ್ದರೆ ‘ಅಂಥ ಜಾಗವಿಲ್ಲ’ ಎಂಬ ಷರಾ ಬೀಳುತ್ತದೆ. ಅದನ್ನು ತಪ್ಪಿಸಲು ಹೇಳಿಕೆಯ ಮೊದಲ ಪುಟದಲ್ಲೇ ಒಂದು ಕೋಷ್ಟಕ ಇರಲಿ: ಹಾಡಿನಲ್ಲಿರುವ ಹೆಸರು, ಈಗ ಕನ್ನಡ–ತುಳುವಿನಲ್ಲಿ ಕರೆಯುವ ಹೆಸರು, ಮಲಯಾಳ ದಾಖಲೆಯ ಹೆಸರು, ಸರ್ವೆ ನಂಬರು. ಮೂರೂ ಭಾಷೆಯ ಪ್ರತಿಗಳನ್ನು ಒಟ್ಟಿಗೆ ಹೊಲಿದು ಕೊಡಬೇಕು. ಅಜ್ಜಿಯ ಹೆಬ್ಬೆಟ್ಟು ಬೀಳಬೇಕಾದ್ದು ಅವಳಿಗೆ ಓದಿ ಹೇಳಿದ, ಅವಳಿಗೆ ಅರ್ಥವಾದ ತುಳು ಪ್ರತಿಯ ಮೇಲೆ.